ಹಲ್ಲಿನ ಅಂಟಿಗೂ ಬೇಕು ಹದವಾದ ಪಸೆ

‘ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಇಂದಿನ ಕಾಲದಲ್ಲಿ ಅದಕ್ಕೆ ಇನ್ನೊಂದು ಮಾತು ಸೇರಿಸಬೇಕಾಗಿದೆ. ಹಲ್ಲೂ ಇದೆ, ಕಡಲೆಯೂ ಇದೆ, ಆದರೆ ಹಲ್ಲಿಗೆ ತುಂಬಿಸಿದ ಸಿಮೆಂಟು ಕಡಲೆಯ ಜೊತೆಗೇ ಕಳಚಿ ಬಂದಿದೆ! ‘ಹೋದ ವರ್ಷವಷ್ಟೇ ಇಷ್ಟು ಹಣ ಕೊಟ್ಟು ಹಾಕಿಸಿದ್ದೆವು, ಆಗಲೇ ಬಿದ್ದುಹೋಯಿತು’ ಎಂಬ ದೂರು ನಮ್ಮ ಮನೆಗಳಲ್ಲಿ ಹೊಸದಲ್ಲ. ಬಿದ್ದ ಕೂಡಲೇ ಕೆಲವರು ಡಾಕ್ಟರರನ್ನು ಬೈಯುತ್ತಾರೆ, ಕೆಲವರು ಸಾಮಗ್ರಿ ಕಳಪೆ ಎನ್ನುತ್ತಾರೆ, ಇನ್ನು ಕೆಲವರು ‘ಇದೆಲ್ಲ ಇಷ್ಟೇ, ಕಿತ್ತು ಹಾಕಿಸುವುದೇ ವಾಸಿ’ ಎಂದು ಒಳ್ಳೆಯ ಹಲ್ಲನ್ನೇ ಕಳೆದುಕೊಳ್ಳುತ್ತಾರೆ.

ಹಲ್ಲಿಗೆ ಅಂಟಿಸಿದ ಫಿಲ್ಲಿಂಗ್ ಉಳಿಯುವುದಕ್ಕೂ ಬೀಳುವುದಕ್ಕೂ ಹಲವು ಕಾರಣಗಳಿವೆ. ಅವುಗಳಲ್ಲಿ ಬಹು ಮುಖ್ಯವಾದದ್ದು, ಆದರೆ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ್ದು ಒಂದಿದೆ. ಅದು ನೀರಿನ ಪಸೆ. ಅಂಟಿಸುವ ಆ ಕೆಲವು ನಿಮಿಷಗಳಲ್ಲಿ ಹಲ್ಲು ತೀರ ಒದ್ದೆಯಾಗಿದ್ದರೂ ಕೆಲಸ ಕೆಡುತ್ತದೆ, ತೀರ ಒಣಗಿದರೂ ಕೆಡುತ್ತದೆ. ಈ ಹದದ ಗುಟ್ಟನ್ನು ವಿಜ್ಞಾನಿಗಳು ಕಂಡುಕೊಳ್ಳಲು ಸುಮಾರು ನಲವತ್ತು ವರ್ಷ ಬೇಕಾಯಿತು. ಅದು ಏನು, ಅದರಲ್ಲಿ ನಮ್ಮ ಪಾಲೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಅಂಟಿಸುವ ಫಿಲ್ಲಿಂಗ್ ಬಂದ ಬಗೆ

ಹಿಂದೆ ಹುಳುಕು ಹಲ್ಲಿಗೆ ಹೆಚ್ಚಾಗಿ ತುಂಬುತ್ತಿದ್ದದ್ದು ಬೆಳ್ಳಿ ಬಣ್ಣದ ಮಿಶ್ರಲೋಹ. ಅದು ಹಲ್ಲಿಗೆ ಅಂಟುವುದಿಲ್ಲ. ಆದ್ದರಿಂದ ಬಾಯಿ ಕಿರಿದು, ತಳ ಅಗಲವಾಗಿರುವಂತೆ ಹಲ್ಲನ್ನು ಕೊರೆದು, ಗಡಿಗೆಯೊಳಗೆ ಉಂಡೆ ಸಿಕ್ಕಿಸಿದಂತೆ ಅದನ್ನು ನಿಲ್ಲಿಸಬೇಕಾಗಿತ್ತು. ಹಾಗೆ ಜಾಗ ಮಾಡಲು ಹುಳುಕಿನ ಜೊತೆಗೆ ಒಳ್ಳೆಯ ಹಲ್ಲೂ ಹೋಗುತ್ತಿತ್ತು. ಅಂಟುವ ಫಿಲ್ಲಿಂಗ್ ಬಂದ ಮೇಲೆ ಹುಳುಕು ಎಷ್ಟಿದೆಯೋ ಅಷ್ಟನ್ನೇ ತೆಗೆದರೆ ಸಾಕಾಯಿತು.

ಇದಕ್ಕೆ ದಾರಿ ತೋರಿಸಿದವರು ಅಮೆರಿಕದ ರೋಚೆಸ್ಟರ್ ನಗರದ ಮೈಕೇಲ್ ಬ್ಯೂನೊಕೋರ್. ಲೋಹದ ತಗಡಿಗೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಮೊದಲು ಫಾಸ್ಫಾರಿಕ್ ಆಮ್ಲ ಸವರುವುದು ಅವರಿಗೆ ತಿಳಿದಿತ್ತು. ಹಲ್ಲಿಗೂ ಹಾಗೆಯೇ ಮಾಡಿದರೆ ಹೇಗೆ ಎಂದು ಯೋಚಿಸಿ, ಹಲ್ಲಿನ ಮೇಲ್ಪದರಕ್ಕೆ 30 ಸೆಕೆಂಡು ಆಮ್ಲ ಸವರಿ ತೊಳೆದು ನೋಡಿದರು. ನುಣುಪಾದ ಹಲ್ಲು ಒರಟಾಯಿತು, ಪ್ಲಾಸ್ಟಿಕ್ ಜಾತಿಯ ಅಂಟು ಅದಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿತು. ಇದನ್ನು ಅವರು 1955ರಲ್ಲಿ ಪ್ರಕಟಿಸಿದರು. 1962ರಲ್ಲಿ ರಫೇಲ್ ಬೋವೆನ್ ಎಂಬ ಇನ್ನೊಬ್ಬ ಅಮೆರಿಕದ ವಿಜ್ಞಾನಿ ಹೊಸ ರಾಳವೊಂದಕ್ಕೆ ಪೇಟೆಂಟ್ ಪಡೆದರು. ಇಂದು ನಾವು ಹಾಕಿಸಿಕೊಳ್ಳುವ ಹಲ್ಲಿನ ಬಣ್ಣದ ‘ಕಾಂಪೋಸಿಟ್’ ಫಿಲ್ಲಿಂಗ್ ಅದರಿಂದಲೇ ಬೆಳೆದು ಬಂದದ್ದು.

ಒಂದೇ ಹಲ್ಲು, ಎರಡು ಸ್ವಭಾವ

ಇಲ್ಲಿಯವರೆಗೆ ಸುಲಭವಾಗಿತ್ತು. ಆದರೆ ಹಲ್ಲು ಒಂದೇ ಬಗೆಯ ವಸ್ತುವಲ್ಲ. ಹೊರಗಿನ ಬಿಳಿ ಪದರ ಎನಾಮಲ್. ತೂಕದಲ್ಲಿ ಅದರ ಸುಮಾರು 96 ಭಾಗ ಖನಿಜ. ನೀರು ತೀರ ಕಡಿಮೆ. ಬೆಣಚುಕಲ್ಲಿನಂಥ ಈ ಪದರವನ್ನು ಆಮ್ಲ ಹಾಕಿ ತೊಳೆದು ಚೆನ್ನಾಗಿ ಒಣಗಿಸಿದರೆ ಸೀಮೆಸುಣ್ಣದಂತೆ ಬೆಳ್ಳಗಾಗುತ್ತದೆ. ಅಂಟೂ ಚೆನ್ನಾಗಿ ಹಿಡಿಯುತ್ತದೆ. ಅಲ್ಲಿ ಒಣಗಿದಷ್ಟೂ ಒಳ್ಳೆಯದೇ.

ಅದರ ಕೆಳಗಿನ ಹಳದಿ ಬಣ್ಣದ ಪದರ ಡೆಂಟಿನ್. ಇದರ ಕಥೆಯೇ ಬೇರೆ. ಇದರ ತೂಕದಲ್ಲಿ ಸುಮಾರು 70 ಭಾಗ ಖನಿಜ, 20 ಭಾಗ ನಾರು, 10 ಭಾಗ ನೀರು. ಈ ನಾರಿನ ಹೆಸರು ಕಾಲಜನ್. ನಮ್ಮ ಚರ್ಮದಲ್ಲಿ, ಮೂಳೆಯಲ್ಲಿ ಇರುವಂಥದ್ದೇ. ಇದರ ಮೂಲಕ ಹಲ್ಲಿನ ಒಳಗಿನ ಜೀವಂತ ತಿರುಳಿನಿಂದ ಹೊರಗಿನವರೆಗೆ ಕೂದಲಿಗಿಂತ ಎಷ್ಟೋ ಪಾಲು ಸಣ್ಣದಾದ ಕೊಳವೆಗಳು ಹಾದುಹೋಗುತ್ತವೆ. ಒಂದು ಚದರ ಮಿಲಿಮೀಟರ್ ಜಾಗದಲ್ಲಿ, ಎಂದರೆ ಸಾಸಿವೆ ಕಾಳಿಗಿಂತಲೂ ಕಡಿಮೆ ಜಾಗದಲ್ಲಿ, ಸುಮಾರು 20,000ದಿಂದ 45,000 ಕೊಳವೆಗಳಿರುತ್ತವೆ. ಎಲ್ಲವುಗಳೊಳಗೂ ದ್ರವ ತುಂಬಿರುತ್ತದೆ. ಹುಳುಕು ಆಳವಾದಷ್ಟೂ ಕೊಳವೆಗಳು ಹೆಚ್ಚು, ಪಸೆಯೂ ಹೆಚ್ಚು. ಡೆಂಟಿನ್ ಹುಟ್ಟಿನಿಂದಲೇ ತೇವದ ವಸ್ತು ಎಂಬುದನ್ನು ನಾವು ಮರೆಯಬಾರದು.

ಒಣಗಿಸಿದರೆ ಏನಾಗುತ್ತದೆ?

ಎನಾಮಲ್‌ಗೆ ಹಾಕಿದಂತೆ ಡೆಂಟಿನ್‌ಗೂ ಆಮ್ಲ ಹಾಕಬಹುದು ಎಂದು 1979ರಲ್ಲಿ ಧೈರ್ಯವಾಗಿ ಹೇಳಿದವರು ಜಪಾನಿನ ತಾಕಾವೊ ಫುಸಾಯಾಮ. 1982ರಲ್ಲಿ ಅಲ್ಲಿಯವರೇ ಆದ ನೊಬುಒ ನಾಕಾಬಾಯಾಶಿ ಅದರ ಒಳಗುಟ್ಟನ್ನು ತೋರಿಸಿದರು. ಆಮ್ಲ ಖನಿಜವನ್ನು ಕರಗಿಸಿದಾಗ ಕಾಲಜನ್ ನಾರು ಬರಿದಾಗಿ ನಿಲ್ಲುತ್ತದೆ. ಅಂಟು ಆ ನಾರಿನ ನಡುವೆ ಇಳಿದು ಗಟ್ಟಿಯಾದರೆ ಅರ್ಧ ಹಲ್ಲು, ಅರ್ಧ ಅಂಟು ಎನ್ನಬಹುದಾದ ಒಂದು ಹೊಸ ಪದರ ಹುಟ್ಟುತ್ತದೆ. ಇದಕ್ಕೆ ‘ಹೈಬ್ರಿಡ್ ಪದರ’ ಎಂದು ಹೆಸರು. ಫಿಲ್ಲಿಂಗ್‌ನ ಆಯಸ್ಸು ಇರುವುದು ಇದರಲ್ಲೇ. ಇದರ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು!

ಆದರೂ ವೈದ್ಯರಿಗೆ ಒಂದು ತೊಡಕು ಎದುರಾಗುತ್ತಲೇ ಇತ್ತು. ಆಮ್ಲ ತೊಳೆದ ಮೇಲೆ, ಎನಾಮಲ್‌ಗೆ ಮಾಡಿದಂತೆಯೇ ಗಾಳಿ ಊದಿ ಒಣಗಿಸಿದರೆ ಡೆಂಟಿನ್ ಮೇಲೆ ಅಂಟು ಸರಿಯಾಗಿ ಹಿಡಿಯುತ್ತಿರಲಿಲ್ಲ. ಏಕೆ?

ಕೆರೆಯ ಪಾಚಿಯನ್ನು ನೆನಪಿಸಿಕೊಳ್ಳಿ. ನೀರಿನಲ್ಲಿದ್ದಾಗ ಎಳೆ ಎಳೆಯಾಗಿ ಹರಡಿ ತೂಗಾಡುತ್ತದೆ. ಎಳೆಗಳ ನಡುವೆ ಬೆರಳು ತೂರಿಸಬಹುದು. ಅದನ್ನೇ ಮೇಲೆತ್ತಿ ಕಲ್ಲಿನ ಮೇಲೆ ಬಿಸಿಲಿಗೆ ಹಾಕಿದರೆ ಎಳೆಗಳೆಲ್ಲ ಒಂದಕ್ಕೊಂದು ಮೆತ್ತಿಕೊಂಡು ಹಪ್ಪಳದಂತಾಗುತ್ತದೆ. ಕಾಲಜನ್ ನಾರಿನ ಗತಿಯೂ ಹೀಗೆಯೇ. ಖನಿಜದ ಆಸರೆ ಹೋದ ಮೇಲೆ ನಾರನ್ನು ಬಿಡಿಬಿಡಿಯಾಗಿ ಎತ್ತಿ ಹಿಡಿದಿರುವುದು ನೀರು ಮಾತ್ರ. ಕೆಲವು ಸೆಕೆಂಡು ಜೋರಾಗಿ ಗಾಳಿ ಊದಿದರೆ ಸಾಕು, ನೀರು ಆರಿ ನಾರು ಕುಸಿಯುತ್ತದೆ. ಪೂರ್ತಿ ಒಣಗಿದರೆ ಆ ಪದರದ ಗಾತ್ರ ಮೂರರಲ್ಲಿ ಸುಮಾರು ಎರಡು ಪಾಲು ಕುಗ್ಗಿಹೋಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಆಗ ಅಂಟು ಇಳಿಯಲು ದಾರಿಯೇ ಇರುವುದಿಲ್ಲ. ಮೇಲೆ ಮೇಲೆ ಕುಳಿತುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಫಿಲ್ಲಿಂಗ್ ಹೊಳೆಯುತ್ತಿರುತ್ತದೆ, ಒಳಗೆ ಬೇರು ಬಿಟ್ಟಿರುವುದಿಲ್ಲ.

1990ರ ದಶಕದ ಆರಂಭದಲ್ಲಿ ಅಮೆರಿಕದ ಜಾನ್ ಕಾಂಕಾ ಮತ್ತು ಜಾನ್ ಗ್ವಿನೆಟ್ ಅವರು ಇದನ್ನು ತಿರುಗಿಸಿ ನೋಡಿದರು. ಡೆಂಟಿನನ್ನು ಒಣಗಿಸದೆ ಪಸೆ ಇರುವಾಗಲೇ ಅಂಟು ಹಚ್ಚಿದರು. ಹಿಡಿತ ಎಷ್ಟೋ ಪಾಲು ಹೆಚ್ಚಾಯಿತು. 1992ರಲ್ಲಿ ಪ್ರಕಟವಾದ ಈ ವಿಷಯ ಹಲ್ಲಿನ ವೈದ್ಯರಿಗೆಲ್ಲ ಆಶ್ಚರ್ಯ ತಂದಿತು. ‘ಹಲ್ಲು ಒಣಗಿರಬೇಕು’ ಎಂದು ಅಲ್ಲಿಯವರೆಗೆ ಕಲಿತದ್ದು ಅರ್ಧ ಸತ್ಯ ಮಾತ್ರವಾಗಿತ್ತು. ಇನ್ನೊಂದು ಸಮಾಧಾನದ ಸಂಗತಿಯೂ ತಿಳಿಯಿತು. ಅಕಸ್ಮಾತ್ ಒಣಗಿಹೋದರೂ ಸ್ವಲ್ಪ ನೀರು ತಾಗಿಸಿದರೆ ಕುಸಿದ ನಾರು ಮತ್ತೆ ಎದ್ದು ನಿಲ್ಲುತ್ತದೆ.

ಅತಿಯಾದರೆ ಅಮೃತವೂ ವಿಷ

ಹಾಗಾದರೆ ನೀರು ಹೆಚ್ಚಿದ್ದಷ್ಟೂ ಒಳ್ಳೆಯದೇ? ಅದೂ ಅಲ್ಲ. ನಮ್ಮೂರಿನ ಗಾರೆ ಕೆಲಸದವರನ್ನು ಕೇಳಿದರೆ ಅವರೇ ಹೇಳುತ್ತಾರೆ. ಒಣ ಇಟ್ಟಿಗೆಗೆ ಗಾರೆ ಹಾಕಿದರೆ ಇಟ್ಟಿಗೆ ನೀರೆಲ್ಲ ಹೀರಿ ಗಾರೆ ಉದುರುತ್ತದೆ. ಆದ್ದರಿಂದ ಮೊದಲು ಇಟ್ಟಿಗೆಯನ್ನು ನೆನೆಸುತ್ತಾರೆ. ಆದರೆ ಗೋಡೆಯ ಮೇಲೆ ನೀರು ಹರಿಯುತ್ತಿರುವಾಗ ಗಾರೆ ಬಳಿದರೆ ಅದು ಜಾರಿ ಕೆಳಗೆ ಬೀಳುತ್ತದೆ. ಹಲ್ಲಿನ ವಿಷಯದಲ್ಲೂ ನೀರು ನಿಂತಿದ್ದರೆ ಅಂಟು ತೆಳ್ಳಗಾಗುತ್ತದೆ, ಅಲ್ಲಲ್ಲಿ ನೀರಿನ ಗುಳ್ಳೆಗಳು ಉಳಿಯುತ್ತವೆ, ಅಂಟು ಪೂರ್ತಿ ಗಟ್ಟಿಯಾಗುವುದಿಲ್ಲ. ಹಾಗೆ ಉಳಿದ ನೀರಿನಿಂದಾಗಿ ಕಾಲಾಂತರದಲ್ಲಿ ಅಂಟೂ ಸವೆಯುತ್ತದೆ. ಹಲ್ಲಿನಲ್ಲೇ ಇರುವ ಕೆಲವು ಕಿಣ್ವಗಳು ಅಂಟು ತಲುಪದ ನಾರನ್ನು ನಿಧಾನವಾಗಿ ತಿಂದುಹಾಕುತ್ತವೆ. ಇಂದು ಗಟ್ಟಿಯಾಗಿ ಕಂಡ ಫಿಲ್ಲಿಂಗ್ ಕೆಲವು ವರ್ಷಗಳ ಮೇಲೆ ಸಡಿಲವಾಗಲು ಇದೂ ಒಂದು ಕಾರಣ.

ಜೊಲ್ಲು ಮತ್ತು ರಕ್ತದ ಮಾತಂತೂ ಬೇರೆಯೇ. ಡೆಂಟಿನ್‌ಗೆ ಬೇಕಾದದ್ದು ಶುದ್ಧ ನೀರಿನ ಪಸೆ, ಜೊಲ್ಲಿನ ಲೋಳೆಯಲ್ಲ. ಆಮ್ಲ ತೊಳೆದ ಮೇಲೆ ಒಂದು ಹನಿ ಜೊಲ್ಲು ತಾಗಿದರೂ ಅಂಟು ಕಚ್ಚುವ ಜಾಗದ ಮೇಲೆ ಲೋಳೆಯ ಪೊರೆ ಕೂರುತ್ತದೆ. ಇದಕ್ಕಾಗಿಯೇ ವೈದ್ಯರು ಕೆನ್ನೆಯ ಒಳಗೆ ಹತ್ತಿಯ ಸುರುಳಿ ಇಡುವುದು, ಜೊಲ್ಲು ಹೀರುವ ಕೊಳವೆ ಹಾಕುವುದು, ಕೆಲವೊಮ್ಮೆ ಹಲ್ಲಿನ ಸುತ್ತ ತೆಳು ರಬ್ಬರ್ ಹಾಳೆ ಕಟ್ಟುವುದು. ಈ ರಬ್ಬರ್ ಹಾಳೆ ಹೊಸದೇನಲ್ಲ. ನ್ಯೂಯಾರ್ಕಿನ ಸ್ಯಾನ್‌ಫರ್ಡ್ ಬಾರ್ನಮ್ ಎಂಬ ದಂತವೈದ್ಯರು 1864ರಲ್ಲೇ ಇದನ್ನು ಬಳಕೆಗೆ ತಂದರು. ನಮ್ಮಲ್ಲಿ ಅನೇಕರು ‘ಉಸಿರು ಕಟ್ಟುತ್ತದೆ, ಬೇಡ’ ಎಂದು ಅದನ್ನು ತಳ್ಳಿಬಿಡುತ್ತಾರೆ. ಮೂಗಿನಿಂದ ಉಸಿರಾಡಿದರೆ ತೊಂದರೆ ಆಗದು. ಮೂಗು ಕಟ್ಟಿದ್ದರೆ ಮೊದಲೇ ಹೇಳಬೇಕು.

ಬಾಟಲಿಯೂ ಒಣಗುತ್ತದೆ

ಅಂಟಿನ ಬಾಟಲಿಯಲ್ಲಿ ರಾಳದ ಜೊತೆಗೆ ಅಸಿಟೋನ್, ಮದ್ಯಸಾರ ಅಥವಾ ನೀರು ಬೆರೆತಿರುತ್ತದೆ. ಇವು ರಾಳವನ್ನು ನಾರಿನ ನಡುವೆ ಕರೆದೊಯ್ದು, ಅಲ್ಲಿದ್ದ ನೀರನ್ನು ಕೂಡಿಕೊಂಡು ತಾವು ಆವಿಯಾಗಿ ಹೋಗಬೇಕು. ಅದಕ್ಕಾಗಿಯೇ ಅಂಟು ಹಚ್ಚಿದ ಮೇಲೆ ವೈದ್ಯರು ಮೆಲ್ಲನೆ ಗಾಳಿ ಊದಿ, ಆಮೇಲೆ ನೀಲಿ ಬೆಳಕು ಹಿಡಿಯುವುದು. ಅಸಿಟೋನ್ ಎಷ್ಟು ಬೇಗ ಹಾರುತ್ತದೆ ಎಂದರೆ ಅದು ಕುದಿಯುವುದು ಕೇವಲ 56 ಡಿಗ್ರಿ ಉಷ್ಣತೆಯಲ್ಲಿ. ಮುಚ್ಚಳ ತೆರೆದಿಟ್ಟ ಬಾಟಲಿಯಿಂದ ಅದು ಹಾರಿಹೋಗಿ ಅಂಟು ಮಂದವಾಗುತ್ತದೆ, ಸಾರ ಕಳೆದುಕೊಳ್ಳುತ್ತದೆ.

ನಮ್ಮ ಗಡಿನಾಡಿನ ಊರುಗಳಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಸೊಲ್ಲಾಪುರ, ಅಕ್ಕಲಕೋಟೆ, ಆದೋನಿಯ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಒಣ ಬಿಸಿಲು. ಕಾಸರಗೋಡು, ವಯನಾಡಿನಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಗೋಡೆಯೂ ಬೆವರುವ ತೇವ. ಒಂದು ಕಡೆ ಬಾಟಲಿಯ ಅಂಟು ಬೇಗ ಆರುವ ಭಯ, ಇನ್ನೊಂದು ಕಡೆ ಹಚ್ಚಿದ ಅಂಟಿನ ನೀರು ಬೇಗ ಆರದ ಭಯ. ಜಾಗರೂಕ ವೈದ್ಯರು ಎರಡು ಕಡೆಯೂ ಇದನ್ನು ಗಮನಿಸಿಯೇ ಕೆಲಸ ಮಾಡುತ್ತಾರೆ.

ಈ ಹದದ ತೊಂದರೆಯನ್ನು ಕಡಿಮೆ ಮಾಡುವ ಅಂಟುಗಳೂ ಬಂದಿವೆ. ಇವುಗಳೊಳಗೇ ಮೃದುವಾದ ಆಮ್ಲವೂ ನೀರೂ ಇರುತ್ತವೆ. ಹಚ್ಚಿದ ಮೇಲೆ ತೊಳೆಯಬೇಕಾಗಿಲ್ಲ. ತೊಳೆಯದಿದ್ದರೆ ಒಣಗಿಸುವ ಪ್ರಶ್ನೆಯೂ ಇಲ್ಲ. ಎನಾಮಲ್ ಮೇಲೆ ಮಾತ್ರ ಇವು ಸ್ವಲ್ಪ ದುರ್ಬಲ. ಆದ್ದರಿಂದ ಅನೇಕ ವೈದ್ಯರು ಎನಾಮಲ್ ಅಂಚಿಗೆ ಮಾತ್ರ ಬೇರೆಯಾಗಿ ಆಮ್ಲ ಹಚ್ಚುತ್ತಾರೆ. 2011ರ ನಂತರ ಎರಡು ರೀತಿಯಲ್ಲೂ ಬಳಸಬಹುದಾದ ‘ಯೂನಿವರ್ಸಲ್’ ಅಂಟುಗಳು ಹರಡಿವೆ. ಆದರೂ ಜೊಲ್ಲನ್ನು ದೂರವಿಡುವ ಕೆಲಸ ಯಾವ ಅಂಟಿನಲ್ಲೂ ತಪ್ಪಿದ್ದಲ್ಲ.

ವ್ಯಾಸಲಿನ್ ಏಕೆ ಸವರುತ್ತಾರೆ?

ಮಕ್ಕಳ ಹಾಲುಹಲ್ಲಿಗೆ, ಒಸಡಿನ ಪಕ್ಕದ ಹುಳುಕಿಗೆ ಹೆಚ್ಚಾಗಿ ಹಾಕುವ ಬಿಳಿ ಸಿಮೆಂಟಿನ ಹೆಸರು ಗ್ಲಾಸ್ ಅಯಾನಮರ್. ಇಂಗ್ಲೆಂಡಿನ ಆಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ ಇದನ್ನು 1970ರ ದಶಕದ ಆರಂಭದಲ್ಲಿ ಲೋಕಕ್ಕೆ ತಿಳಿಸಿದರು. ಇದು ಹಲ್ಲಿನ ಕ್ಯಾಲ್ಸಿಯಂ ಜೊತೆ ತಾನಾಗಿಯೇ ಬೆಸೆದುಕೊಳ್ಳುತ್ತದೆ, ಫ್ಲೋರೈಡ್ ಕೊಡುತ್ತದೆ. ಆದರೆ ಇದರ ಮೈಯಲ್ಲೇ ನೀರು ಸೇರಿದೆ. ಮನೆಯ ತಾರಸಿ ಹಾಕಿದ ಮೇಲೆ ದಿನವೂ ನೀರು ಹಾಕಿ ಕ್ಯೂರಿಂಗ್ ಮಾಡದಿದ್ದರೆ ಬಿರುಕು ಬಿಡುವಂತೆ, ಈ ಸಿಮೆಂಟೂ ಆರಂಭದಲ್ಲಿ ನೀರು ಕಳೆದುಕೊಂಡರೆ ಸಣ್ಣ ಸಣ್ಣ ಬಿರುಕು ಬಿಟ್ಟು ಸೀಮೆಸುಣ್ಣದಂತಾಗುತ್ತದೆ. ಗಟ್ಟಿಯಾಗುವ ಮೊದಲೇ ಜೊಲ್ಲು ತಾಗಿದರೆ ಮೇಲ್ಮೈ ಕರಗಿ ಮೆತ್ತಗಾಗುತ್ತದೆ. ಆದ್ದರಿಂದಲೇ ಹಾಕಿದ ಕೂಡಲೇ ವಾರ್ನಿಷ್ ಅಥವಾ ವ್ಯಾಸಲಿನ್ ಸವರುತ್ತಾರೆ. ಒಳಗಿನ ನೀರು ಒಳಗೇ, ಹೊರಗಿನ ನೀರು ಹೊರಗೇ!

ವಿದ್ಯುತ್ತೂ ಯಂತ್ರವೂ ಇಲ್ಲದ ಕಡೆ, ಕೈ ಉಪಕರಣದಿಂದಲೇ ಹುಳುಕು ಕೆರೆದು ಈ ಸಿಮೆಂಟ್ ತುಂಬುವ ವಿಧಾನ 1980ರ ದಶಕದಲ್ಲಿ ಆಫ್ರಿಕಾದ ಟಾಂಜಾನಿಯಾದಲ್ಲಿ ಆರಂಭವಾಯಿತು. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಇದಕ್ಕೆ ಬೆಂಬಲ ಕೊಟ್ಟಿತು. ಅದರಲ್ಲೂ ಕೈಗವಸಿನ ಬೆರಳಿಗೆ ವ್ಯಾಸಲಿನ್ ಸವರಿ ಸಿಮೆಂಟನ್ನು ಒತ್ತುವುದು ಮುಖ್ಯ ಹಂತ. ಇಂಥ ಫಿಲ್ಲಿಂಗ್ ಹಾಕಿಸಿಕೊಂಡ ಮಗುವಿಗೆ ಕನಿಷ್ಠ ಒಂದು ಗಂಟೆ ಏನನ್ನೂ ತಿನ್ನಲು ಕೊಡಬಾರದು. ಆ ದಿನ ಚಕ್ಕುಲಿ, ಕಡಲೆಯಂಥ ಗಟ್ಟಿ ತಿಂಡಿ ಬೇಡ.

ಮನೆಯವರು ಕೇಳುವ ಪ್ರಶ್ನೆಗಳು

ಫಿಲ್ಲಿಂಗ್ ಆದ ಮೇಲೆ ತಣ್ಣೀರು ಕುಡಿದರೆ ಜುಮ್ಮೆನ್ನುವುದೇಕೆ?
ಡೆಂಟಿನ್ ಕೊಳವೆಗಳೊಳಗಿನ ದ್ರವ ಅಲುಗಾಡಿದರೆ ನರಕ್ಕೆ ನೋವು ತಿಳಿಯುತ್ತದೆ ಎಂದು ಸ್ವೀಡನ್ನಿನ ಮಾರ್ಟಿನ್ ಬ್ರಾನ್‌ಸ್ಟ್ರೋಮ್ 1960ರ ದಶಕದಲ್ಲಿ ವಿವರಿಸಿದರು. ಡೆಂಟಿನ್ ಒಣಗಿ ಅಂಟು ಸರಿಯಾಗಿ ಇಳಿಯದಿದ್ದರೆ ಕೊಳವೆಗಳ ಬಾಯಿ ಮುಚ್ಚುವುದಿಲ್ಲ, ಜುಮ್ಮೆನ್ನುತ್ತದೆ. ಸಣ್ಣ ಪ್ರಮಾಣದ್ದಾದರೆ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ, ರಾತ್ರಿ ನಿದ್ದೆ ಕೆಡಿಸಿದರೆ, ಕಚ್ಚಿದಾಗ ನೋವಾದರೆ ಮತ್ತೆ ತೋರಿಸಲೇಬೇಕು.

ಹಾಕಿದ ದಿನ ಹಲ್ಲಿನ ಬಣ್ಣ ಬೇರೆಯಾಗಿ ಕಾಣುತ್ತದೆ, ಮೋಸವೇ?
ಅಲ್ಲ. ಬಹಳ ಹೊತ್ತು ಬಾಯಿ ತೆರೆದಿದ್ದಾಗ ಎನಾಮಲ್‌ನ ಅಲ್ಪ ಸ್ವಲ್ಪ ಪಸೆಯೂ ಆರಿ ಹಲ್ಲು ಹೆಚ್ಚು ಬಿಳಿಯಾಗಿ ಕಾಣುತ್ತದೆ. ಜೊಲ್ಲಿನಲ್ಲಿ ನೆನೆದ ಮೇಲೆ ಒಂದೆರಡು ದಿನದಲ್ಲಿ ಮೊದಲಿನ ಬಣ್ಣಕ್ಕೆ ಬರುತ್ತದೆ. ಆದ್ದರಿಂದಲೇ ಒಳ್ಳೆಯ ವೈದ್ಯರು ಕೆಲಸ ಆರಂಭಿಸುವ ಮೊದಲೇ, ಹಲ್ಲು ಒದ್ದೆಯಾಗಿರುವಾಗ ಬಣ್ಣ ಹೊಂದಿಸಿಕೊಳ್ಳುತ್ತಾರೆ.

ರೂಟ್ ಕೆನಾಲ್ ಆದ ಹಲ್ಲು ಒಣಗಿ ಕಟ್ಟಿಗೆಯಾಗುತ್ತದೆಯೇ?
ಇದು ಬಹುಕಾಲದ ನಂಬಿಕೆ. ಆದರೆ 1992ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ ಇಂಥ ಹಲ್ಲಿಗೂ ಜೀವಂತ ಹಲ್ಲಿಗೂ ಗಟ್ಟಿತನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಂಥ ಹಲ್ಲು ಒಡೆಯುವುದು ಮುಖ್ಯವಾಗಿ ಹುಳುಕಿನಿಂದಲೂ ಕೊರೆತದಿಂದಲೂ ಅದರ ಗೋಡೆ ತೆಳುವಾಗಿರುವುದರಿಂದ. ಆದ್ದರಿಂದ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಲು ಹೇಳಿದರೆ ಮುಂದೂಡಬಾರದು.

ಅಜ್ಜಿಯ ಹಲ್ಲಿನ ಸೆಟ್ಟು ನಿಲ್ಲುವುದೇ ಇಲ್ಲವಲ್ಲ?
ಸೆಟ್ಟನ್ನು ಒಸಡಿಗೆ ಹಿಡಿದಿಡುವುದರಲ್ಲಿ ಜೊಲ್ಲಿನ ತೆಳು ಪೊರೆಯ ಪಾಲು ದೊಡ್ಡದು. ಎರಡು ಗಾಜಿನ ನಡುವೆ ನೀರಿದ್ದರೆ ಬೇರ್ಪಡಿಸುವುದು ಕಷ್ಟವಾಗುವಂತೆ. ವಯಸ್ಸಾದವರಲ್ಲಿ ಸಕ್ಕರೆ ಕಾಯಿಲೆಯಿಂದಲೂ ರಕ್ತದೊತ್ತಡದ, ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆಗಳಿಂದಲೂ ಬಾಯಿ ಒಣಗುತ್ತದೆ; ಸೆಟ್ಟು ಸಡಿಲವಾಗುತ್ತದೆ. ಆದರೆ ಕೇಳದೆ ಮಾತ್ರೆ ನಿಲ್ಲಿಸಬಾರದು; ಡಾಕ್ಟರರಿಗೆ ಹೇಳಬೇಕು. ಸೆಟ್ಟಿಗೆ ಹಚ್ಚುವ ಪುಡಿ, ಪೇಸ್ಟುಗಳೂ ನೀರು ಹೀರಿ ಉಬ್ಬಿದಾಗಲೇ ಹಿಡಿಯುವುದು. ರಾತ್ರಿ ತೆಗೆದಿಟ್ಟ ಸೆಟ್ಟನ್ನು ತಣ್ಣೀರಿನಲ್ಲಿ ಮುಳುಗಿಸಿಡಬೇಕು. ಒಣಗಿದರೆ ಅದರ ಆಕಾರ ಬದಲಾಗುತ್ತದೆ.

ಹುಟ್ಟಿನಿಂದ ಬಂದ ಅಂಟು

ಇಷ್ಟೆಲ್ಲ ಮನುಷ್ಯ ಮಾಡಿದ ಅಂಟಿನ ಮಾತಾಯಿತು. ಹಲ್ಲಿನ ಬೇರನ್ನು ದವಡೆಗೆ ಹಿಡಿದಿಡುವ ಸಹಜ ಅಂಟೊಂದಿದೆ: ಬೇರಿನ ಸುತ್ತಲಿನ ಜೀವಂತ ನಾರಿನ ಪೊರೆ. ಅದಕ್ಕೂ ದೊಡ್ಡ ಶತ್ರು ಒಣಗುವಿಕೆಯೇ. ಆಟವಾಡುವಾಗ ಬಿದ್ದು ಮಗುವಿನ ಶಾಶ್ವತ ಹಲ್ಲು ಬುಡಸಮೇತ ಕಿತ್ತು ಬಂದರೆ ಅದನ್ನು ಬೇರಿನ ಕಡೆ ಮುಟ್ಟದೆ ಬಿಳಿ ಭಾಗದಿಂದ ಹಿಡಿದೆತ್ತಬೇಕು. ಕೊಳೆಯಾಗಿದ್ದರೆ ಹಾಲಿನಲ್ಲಿ ಮೆಲ್ಲನೆ ಜಾಲಿಸಬೇಕು, ಉಜ್ಜಬಾರದು. ಸಾಧ್ಯವಾದರೆ ಅಲ್ಲೇ ಗೂಡಿಗೆ ಕೂರಿಸಬೇಕು. ಇಲ್ಲವಾದರೆ ತಣ್ಣನೆಯ ಹಾಲಿನಲ್ಲಿ ಹಾಕಿ ಕೂಡಲೇ ದಂತವೈದ್ಯರಲ್ಲಿಗೆ ಓಡಬೇಕು. ಗಾಳಿಗೆ ಒಂದು ಗಂಟೆ ಒಣಗಿದರೆ ಆ ಪೊರೆಯ ಜೀವಕೋಶಗಳು ಬಹುಮಟ್ಟಿಗೆ ಸತ್ತಿರುತ್ತವೆ. ಕಾಗದದಲ್ಲಿ, ಕರವಸ್ತ್ರದಲ್ಲಿ ಸುತ್ತಿ ತರುವುದೇ ನಮ್ಮಲ್ಲಿ ರೂಢಿ. ಅದರಿಂದಲೇ ಎಷ್ಟೋ ಹಲ್ಲುಗಳು ಉಳಿಯುವುದಿಲ್ಲ. ಹಾಲುಹಲ್ಲು ಬಿದ್ದರೆ ಮಾತ್ರ ಮತ್ತೆ ಕೂರಿಸಬಾರದು.

ನಾವು ಮಾಡಬಹುದಾದದ್ದು

• ಫಿಲ್ಲಿಂಗ್ ಹಾಕಿಸುವ ದಿನ ಸಮಯ ಇಟ್ಟುಕೊಂಡು ಹೋಗೋಣ. ‘ಬಸ್ಸಿಗೆ ಹೊತ್ತಾಯಿತು, ಬೇಗ ಮುಗಿಸಿ’ ಎಂದರೆ ಕೆಡುವುದು ನಮ್ಮ ಹಲ್ಲೇ.

• ಆಮ್ಲ ತೊಳೆದ ನಂತರ ನೀಲಿ ಬೆಳಕು ಹಿಡಿದು ಮುಗಿಯುವವರೆಗೆ ಬಾಯಿ ಮುಚ್ಚುವುದು, ಉಗುಳುವುದು, ನಾಲಗೆಯಿಂದ ಮುಟ್ಟಿ ನೋಡುವುದು ಬೇಡ. ತೊಂದರೆಯಾದರೆ ಕೈ ಎತ್ತಿ ತಿಳಿಸೋಣ.

• ಒಸಡಿನಲ್ಲಿ ರಕ್ತ ಬರುತ್ತಿದ್ದರೆ ಮೊದಲು ಹಲ್ಲು ಶುಚಿ ಮಾಡಿಸಿಕೊಂಡು, ಒಸಡು ವಾಸಿಯಾದ ಮೇಲೆ ಫಿಲ್ಲಿಂಗ್ ಹಾಕಿಸುವುದು ಒಳ್ಳೆಯದು.

• ಮಕ್ಕಳಿಗೆ ಮನೆಯಲ್ಲೇ ಬಾಯಿ ತೆರೆದು ಹತ್ತು ಎಣಿಸುವ ಆಟ ಆಡಿಸಿ ಕರೆದೊಯ್ಯೋಣ. ಹೆದರಿಸಿ ಕೂರಿಸಿದರೆ ಅಳು, ಜೊಲ್ಲು ಎರಡೂ ಹೆಚ್ಚು.

• ಕಳಚಿದ ಕ್ಯಾಪನ್ನು ಅಂಗಡಿಯ ಸೂಪರ್ ಗ್ಲೂ ಹಾಕಿ ಅಂಟಿಸಬಾರದು. ಆ ಅಂಟು ತೇವ ತಾಗಿದ ಕ್ಷಣವೇ ಗಟ್ಟಿಯಾಗುತ್ತದೆ. ಕ್ಯಾಪ್ ವಕ್ರವಾಗಿ ಕೂತುಬಿಡುತ್ತದೆ. ಕ್ಯಾಪನ್ನು ಡಬ್ಬಿಯಲ್ಲಿಟ್ಟು ವೈದ್ಯರಿಗೆ ಕೊಡೋಣ.

• ಹುಳುಕು ಚಿಕ್ಕದಿರುವಾಗಲೇ ತೋರಿಸೋಣ. ಅಂಚಿನ ಸುತ್ತ ಎನಾಮಲ್ ಉಳಿದಿದ್ದರೆ ಅಂಟಿನ ಹಿಡಿತ ಹೆಚ್ಚು ಕಾಲ ಬಾಳುತ್ತದೆ.

ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಕೂರುವುದು ಯಾರಿಗೂ ಇಷ್ಟವಲ್ಲ. ಆದರೆ ಹತ್ತಿ, ಗಾಳಿ, ನೀರು, ಮತ್ತೆ ಹತ್ತಿ ಎಂದು ವೈದ್ಯರು ಮಾಡುವುದೆಲ್ಲ ಕಾಲಹರಣವಲ್ಲ ಎಂದು ತಿಳಿದರೆ ಆ ಅರ್ಧ ಗಂಟೆ ಅಷ್ಟೊಂದು ಉದ್ದವೆನಿಸದು. ಹಲ್ಲು ಒಣಗದಂತೆ, ಒದ್ದೆಯಾಗದಂತೆ ಹದ ನೋಡುವುದು ಅವರ ಕೆಲಸ. ತಾಳ್ಮೆಯಿಂದ ಬಾಯಿ ತೆರೆದು ಕೂರುವುದು ನಮ್ಮ ಕೆಲಸ. ಇಬ್ಬರೂ ತಮ್ಮ ತಮ್ಮ ಪಾಲಿನದನ್ನು ಮಾಡಿದರೆ ಕಡಲೆಯೂ ಉಳಿಯುತ್ತದೆ, ಹಲ್ಲೂ ಉಳಿಯುತ್ತದೆ.